ಮೂವರು ಹೊರಟರೆ ಒಂದು ಕಲ್ಲು

ಪಾಯಾ ಲೆಬಾರ್‌ನ ನಮ್ಮ ಮನೆಯ ಹತ್ತಿರದ, ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ, ನಾನು ಪರೋಟದ ಕೊನೆಯ ಚೂರಿನಿಂದ ತಟ್ಟೆ ಒರೆಸಿಕೊಳ್ಳುತ್ತಿದ್ದಾಗ ಮಗ ಹೇಳಿದ:

“ಅಪ್ಪಾ, ಎನ್‌ಲಿಸ್ಟ್‌ಮೆಂಟ್ ದಿನ ಅಮ್ಮ ಒಬ್ಳೇ ಬಂದ್ರೆ ಸಾಕು. ನೀನು ಬರೋದು ಬೇಡ. ಓಕೆ?”

“ಓಕೆ” ಎಂದೆ. ಅವನು ಎದ್ದು ಮೂವರ ಟ್ರೇಗಳನ್ನೂ ಒಯ್ದು ಜೋಡಿಸಿಟ್ಟು ಬಂದ, ಏನೂ ಆಗಿಯೇ ಇಲ್ಲವೆಂಬಂತೆ.

ಸಿಂಗಪುರದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆದು ನೆಲೆಸಿದ ನಮ್ಮಂಥವರ ಗಂಡುಮಕ್ಕಳು ಓದು ಮುಗಿಸಿದ ಮೇಲೆ ಎರಡು ವರ್ಷ ಸೈನ್ಯದಲ್ಲಿ ಇರಬೇಕು. ಸೇರುವ ದಿನ ಮನೆಯವರೂ ಜೊತೆಗೆ ಹೋಗಬಹುದು. ದೋಣಿಯಲ್ಲಿ ಒಂದು ದ್ವೀಪಕ್ಕೆ ಕರೆದೊಯ್ದು, ಮಗ ಮಲಗುವ ಮಂಚ ತೋರಿಸಿ, ಅಲ್ಲಿಯದೇ ಊಟ ಹಾಕಿ, ಮಗನನ್ನು ಇಟ್ಟುಕೊಂಡು ಉಳಿದವರನ್ನು ವಾಪಸು ಕಳಿಸುತ್ತಾರೆ. ನಮ್ಮ ಮದುವೆಮನೆಗಳ ಹೆಣ್ಣೊಪ್ಪಿಸುವ ಶಾಸ್ತ್ರವೇ, ಗಂಡಿನ ಕಡೆಗೆ ತಿರುಗಿಸಿದ್ದು, ಅಷ್ಟೇ. ಆದರೆ ಹೆಣ್ಣೊಪ್ಪಿಸುವಾಗ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದಕ್ಕಾದರೂ ಅಪ್ಪನಿಗೊಂದು ಜಾಗವಿರುತ್ತದೆ. ನನಗೆ ಅದೂ ಇಲ್ಲವೆಂದು ನನ್ನ ಮಗ ಟ್ರೇ ಎತ್ತುವಷ್ಟು ಹಗುರಾಗಿ ಹೇಳಿ ಮುಗಿಸಿದ್ದ.

ಅವನನ್ನು ದೂರುವಂತೆಯೂ ಇರಲಿಲ್ಲ. ಅವನು ಪ್ರೈಮರಿಯಲ್ಲಿದ್ದಾಗ ಮಕ್ಕಳನ್ನು ಕ್ಯಾಂಪಿಗೆ ಕರೆದೊಯ್ದ ಬಸ್ಸಿನ ಹಿಂದೆ ಒಂದು ಟ್ಯಾಕ್ಸಿ ಹೋಗಿತ್ತು. ಟ್ಯಾಕ್ಸಿಯಲ್ಲಿ ನಾನಿದ್ದೆ. ಬೇಲಿಯಾಚೆ ನಿಂತಿದ್ದವನನ್ನು ಕಂಡು ಮೇಷ್ಟ್ರೊಬ್ಬರು ಒಳಗೆ ಕರೆದು ಕುರ್ಚಿ ಕೊಟ್ಟರು. ಹಗ್ಗದ ಏಣಿ ಹತ್ತುತ್ತಿದ್ದ ಅಷ್ಟೂ ಮಕ್ಕಳು ತಿರುಗಿ ನೋಡಿದರು. ಪಾಲಿಟೆಕ್ನಿಕ್ ಸೇರುವ ದಿನ ಎಲ್ಲರೂ ಪಠ್ಯಕ್ರಮದ ಬಗ್ಗೆ ಕೇಳುತ್ತಿದ್ದಾಗ ನಾನು ಬೆಂಕಿ ಬಿದ್ದರೆ ಯಾವ ಬಾಗಿಲು ಎಂದು ಕೇಳಿದೆ. ಸಾರ್ಜೆಂಟರ ಎದುರು ನಾನು ಏನೇನು ಕೇಳಬಹುದೆಂಬುದು ಅವನಿಗೆ ಗೊತ್ತು. ನನಗೂ ಗೊತ್ತು. ಪ್ರಶ್ನೆಗಳು ಆಗಲೇ ತಯಾರಿದ್ದವು.

ಚಿಂತೆ ಮಾಡುವುದು ನನ್ನ ಚಟ ಮಾತ್ರವಲ್ಲ, ಉದ್ಯೋಗವೂ ಹೌದು. ಪಾಸಿರ್ ಪಂಜಾಂಗ್‌ನ ಬಂದರು ಕಚೇರಿಯೊಂದರಲ್ಲಿ ಕುಳಿತು, ಯಾವ ಹಡಗು ತಡವಾದರೆ ಯಾವ ಕಂಟೇನರ್ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಮುಂಚಿತವಾಗಿ ಗಾಬರಿಯಾಗುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಐವತ್ತು ಹತ್ತಿರವಾದಂತೆ ಒಂದು ವಿಷಯ ತಿಳಿದಿದೆ. ಮನುಷ್ಯ ದಣಿಯುವುದು ಆದ ಅನಾಹುತಗಳಿಂದಲ್ಲ, ಆಗದೇ ಹೋದವುಗಳಿಂದ. ಆದದ್ದಕ್ಕೆ ಒಂದು ಸಲ ದಣಿದರೆ ಮುಗಿಯಿತು. ಆಗದೇ ಇರುವುದಕ್ಕೆ ದಿನಾ ದಣಿಯಬೇಕು.

ಆ ವಾರವೇ ಹೆಂಡತಿ ಘೋಷಿಸಿದಳು. “ಇವನು ಹೋಗೋಕೆ ಮುಂಚೆ ನಾವು ಮೂರೂ ಜನ ಎಲ್ಲಾದ್ರೂ ಹೋಗಿ ಬರೋಣ ರೀ. ರಜೆ ಅಂದ್ರೆ ನಮ್ಮೋರ ಮದ್ವೇನೇ ಆಗಿದೆ, ಅದಿಲ್ಲದೇ ಇರೋ ಊರಿಗೆ.”

ಅಂಥ ಊರು ಅವಳ ಬಳಿ ಆಗಲೇ ಇತ್ತು. ಬ್ಯೂನಾ ವಿಸ್ಟಾದ ಅವಳ ಲ್ಯಾಬಿನಲ್ಲಿ, ಕಾಫಿ ಮಷೀನಿನ ಮೇಲುಗಡೆ, ಕೆಲಸ ಬಿಟ್ಟು ಹೋದ ಯಾರೋ ಅಂಟಿಸಿದ ಒಂದು ಚಿತ್ರ: ಹಸಿರು ನದಿ, ಅದರ ಮೇಲೆ ಬಿಲ್ಲಿನಂತೆ ಬಾಗಿದ ಕಲ್ಲಿನ ಸೇತುವೆ, ಎರಡು ಬದಿಗೆ ಎರಡು ಬುರುಜು. ಬೋಸ್ನಿಯಾದ ಮೊಸ್ತಾರ್. ತುರ್ಕರ ಕಾಲದ ಊರು. ಕಾಫಿ ಸುರಿಯುವಷ್ಟು ಹೊತ್ತು ವರ್ಷಗಟ್ಟಲೆ ಅದನ್ನೇ ನೋಡಿದ್ದಳಂತೆ. ಅಲ್ಲಿ ಯುದ್ಧವಾಗಿತ್ತಲ್ಲ ಎಂದೆ. “ಅದು ಮುಗಿದು ನಿಮ್ಮ ಕೂದಲು ಉದುರೋಷ್ಟು ಕಾಲ ಆಯ್ತು” ಎಂದಳು.

ನಾನು ಒಪ್ಪಿದ್ದರ ಹಿಂದೆ ಒಂದು ಉಪಾಯವಿತ್ತು. ಪ್ರವಾಸದುದ್ದಕ್ಕೂ ಚಿಂತೆಯೇ ಇಲ್ಲದ ಮನುಷ್ಯನಂತೆ ನಡೆದುಕೊಳ್ಳುವುದು. ಮಗ ಅದನ್ನು ಗಮನಿಸುವುದು. ವಾಪಸು ಬಂದ ಮೇಲೆ ಅವನೇ, “ಅಪ್ಪಾ, ನೀನೂ ಬಾ” ಎನ್ನುವುದು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಬೇಕಾಗಿಯೂ ಇರಲಿಲ್ಲ.

ಮೊದಲ ತೊಡಕು ಹೊರಡುವಾಗಲೇ ಎದುರಾಯಿತು. ಮೂರು ಜನ ಒಟ್ಟಿಗೆ ಹೊರಟರೆ ಹೋದ ಕೆಲಸ ಕೆಡುತ್ತದೆ, ಹಾಗಾಗಿ ಒಂದು ಕಲ್ಲನ್ನು ನಾಲ್ಕನೆಯವರಾಗಿ ಜೊತೆಗಿಟ್ಟುಕೊಳ್ಳಬೇಕು ಎಂಬುದು ನನ್ನ ತಾಯಿ ನನಗೆ ಕೊಟ್ಟ ಚಿಂತೆಗಳಲ್ಲಿ ಅತಿ ಹಳೆಯದು. ಒಂದೇ ಮಗು ಸಾಕೆಂದು ನಿರ್ಧರಿಸಿದಾಗ ನಮಗೆ ಈ ಲೆಕ್ಕ ಹೊಳೆದಿರಲಿಲ್ಲ. ಅಂದಿನಿಂದ ನಾವು ಎಲ್ಲಿಗೆ ಹೋದರೂ ಮೂವರೇ, ಹಲ್ಲಿನ ಡಾಕ್ಟರ ಹತ್ತಿರ ಹೋದರೂ ನನ್ನ ಜೇಬಿನಲ್ಲೊಂದು ಕಲ್ಲು. ನಮ್ಮ ಕಟ್ಟಡದ ವಾಯ್ಡ್ ಡೆಕ್ಕಿನ, ಅಂದರೆ ತೆರೆದ ನೆಲಮಹಡಿಯ, ಹೂಕುಂಡದಿಂದ ಎತ್ತಿಕೊಳ್ಳುವುದು, ಬಂದ ಮೇಲೆ ಅಲ್ಲೇ ಇಡುವುದು. ಮಗ ಚಿಕ್ಕವನಿದ್ದಾಗ ಅದಕ್ಕೂ ಸೀಟು ಬೇಕೆಂದು ಹಟ ಹಿಡಿಯುತ್ತಿದ್ದ. ದೊಡ್ಡವನಾದ ಮೇಲೆ ಮುಖ ಸಿಂಡರಿಸುತ್ತಿದ್ದ.

ಈ ಸಲ ಚಿಂತೆಯಿಲ್ಲದ ಮನುಷ್ಯನ ಜೇಬಿನಲ್ಲಿ ಕಲ್ಲು ಸಿಕ್ಕರೆ ಹೇಗೆ? ಕಾಲುಚೀಲದೊಳಗೆ ತೂರಿಸಿ ದೊಡ್ಡ ಸೂಟ್‌ಕೇಸಿನ ತಳದಲ್ಲಿಟ್ಟೆ.

ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ಸಾರಾಯೆವೋದಲ್ಲಿ ಇಳಿದೆವು. ಬೆಲ್ಟು ತಿರುಗಿತು, ಎಲ್ಲರ ಚೀಲಗಳೂ ಬಂದವು, ಬೆಲ್ಟು ನಿಂತಿತು. ನಮ್ಮ ದೊಡ್ಡ ಸೂಟ್‌ಕೇಸ್ ಬರಲಿಲ್ಲ. ಭೂಮಿಯ ಮೇಲೆ ಯಾವ ಪೆಟ್ಟಿಗೆ ಎಲ್ಲಿದೆ ಎಂದು ಹೇಳಿ ಹೊಟ್ಟೆ ಹೊರೆಯುವವನು, ಖಾಲಿ ಬೆಲ್ಟಿನ ಮುಂದೆ ಕೈಕಟ್ಟಿ ನಿಂತಿದ್ದೆ.

ಮಗ ನನ್ನ ಮುಖ ನೋಡಿದ. “ಅಪ್ಪಾ, ಯೂ ಓಕೆ?”

“ಬರತ್ತೆ ಬಿಡು” ಎಂದೆ.

ಹೆಂಡತಿ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ” ಎಂದು ಮಗನಿಗೆ ಹೇಳಿದಳು.

ನಿಜ ಹೇಳಬೇಕೆಂದರೆ ನಟಿಸುವುದು ಕಷ್ಟವಾಗಲಿಲ್ಲ. ಅಷ್ಟು ದಣಿದಿದ್ದೆ. ಆ ತಿಂಗಳಿಡೀ ಕಚೇರಿಯಲ್ಲಿ ಹಡಗುಗಳು ಒಂದರ ಹಿಂದೊಂದು ತಡವಾಗಿದ್ದವು. ಮನೆಯಲ್ಲಿ ಮಗನ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಬಸ್ಸು ನದಿಯ ಪಕ್ಕಪಕ್ಕದಲ್ಲೇ ಬೆಟ್ಟ ಸೀಳಿಕೊಂಡು ಹೋಗುತ್ತಿದ್ದರೆ, ನಾನು ಕಿಟಕಿಗೆ ತಲೆ ಕೊಟ್ಟು, ಬ್ರೇಕಿನ ಬಗ್ಗೆ ಕೂಡ ಯೋಚಿಸದೆ ನಿದ್ದೆ ಹೋದೆ.

ಎಚ್ಚರವಾದಾಗ ಊರು ಬಂದಿತ್ತು. ಚಿತ್ರದಲ್ಲಿದ್ದುದೆಲ್ಲ ಇತ್ತು, ಚಿತ್ರದಲ್ಲಿ ಇಲ್ಲದ್ದೂ ಇತ್ತು. ತಾಮ್ರದ ಪಾತ್ರೆ ಬಡಿಯುವವರ ಓಣಿ, ಅವರೆಕಾಳಿನ ಗಾತ್ರದ ಗುಂಡುಕಲ್ಲಿನಿಂದ ಹಿಡಿದು ತೆಂಗಿನಕಾಯಿ ಗಾತ್ರದವರೆಗಿನ ಕಲ್ಲು ಹಾಸಿದ ದಾರಿ, ಚಪ್ಪಡಿಗಲ್ಲನ್ನೇ ಹೆಂಚಿನಂತೆ ಹೊದ್ದ ಮನೆಗಳು, ಸೀಸದ ಕಡ್ಡಿಯಂತೆ ಚೂಪಾದ ಮಿನಾರು. ಎರಡು ಹೆಜ್ಜೆ ಆಚೆಗೆ, ಮೈತುಂಬ ಗುಂಡಿನ ತೂತುಗಳಿರುವ, ಛಾವಣಿಯಿಲ್ಲದ ಮನೆ. ಅದರೊಳಗಿಂದ ಬೆಳೆದು ಕಿಟಕಿಯಲ್ಲಿ ಇಣುಕುವ ಅಂಜೂರದ ಗಿಡ. ಸೇತುವೆಯೂ ಯುದ್ಧದಲ್ಲಿ ಮುರಿದು ನದಿಗೆ ಬಿದ್ದಿತ್ತು. ಆಮೇಲೆ ಅದೇ ಬಗೆಯ ಕಲ್ಲಿನಿಂದ, ಅದೇ ಬಾಗಿನಲ್ಲಿ ಮತ್ತೆ ಕಟ್ಟಿದ್ದಾರೆ. ಸೇತುವೆಯ ಬುಡದಲ್ಲಿ ಒಂದು ಕಲ್ಲಿನ ಮೇಲೆ ‘ಮರೆಯಬೇಡಿ’ ಎಂದು ಬರೆದಿಟ್ಟಿದ್ದಾರೆ. ಊರಿಡೀ ಕಲ್ಲೇ ಕಲ್ಲು. ನನ್ನ ಹತ್ತಿರ ಮಾತ್ರ ಒಂದೂ ಇರಲಿಲ್ಲ.

ನಾವು ಉಳಿದದ್ದು ತುರ್ಕರ ಕಾಲದ ಮಾದರಿಯ ಹಳೆಯ ಮನೆಯಲ್ಲಿ. ಮರದ ಮೇಲಂತಸ್ತು ಓಣಿಯ ಕಡೆಗೆ ಚಾಚಿಕೊಂಡು, ಕೆಳಗೆ ಹೋಗುವವರ ಮಾತು ಕದ್ದು ಕೇಳುವಂತಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಅದು ನಮಗೆ ಹಿಡಿಸಿತು. ಒಳಗೆ ಉಣ್ಣೆಯಲ್ಲಿ ಹೆಣೆದ ಕಾಲುಚೀಲದಂಥ ಜೋಡು ಕೊಟ್ಟರು. ಬೀರುವೆಂದು ಬಾಗಿಲು ತೆರೆದರೆ ಒಳಗೆ ಪುಟ್ಟ ಬಚ್ಚಲು! “ವಾವ್, ಎಚ್‌ಡಿಬಿಗಿಂತ ಸ್ಮಾರ್ಟ್ ಲಾ” ಎಂದ ಮಗ, ಸಿಂಗಪುರದವರ ‘ಲಾ’ ಸೇರಿಸಿ. ಎಚ್‌ಡಿಬಿ ಎಂಬ ಸರ್ಕಾರಿ ಫ್ಲ್ಯಾಟಿನಲ್ಲಿ ಹುಟ್ಟಿ ಬೆಳೆದವನ ಬಾಯಿಂದ ಅದು ದೊಡ್ಡ ಹೊಗಳಿಕೆ.

ಮನೆಯೊಡತಿ ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಹರಕು ಇಂಗ್ಲಿಷು, ಸಾಲದ್ದಕ್ಕೆ ಫೋನು. ಫೋನಿಗೆ ಅವರ ಭಾಷೆಯಲ್ಲಿ ಹೇಳುವುದು, ಫೋನು ನಮಗೆ ಇಂಗ್ಲಿಷಿನಲ್ಲಿ ಹೇಳುವುದು. ಬಂದ ಕೂಡಲೇ ಹಿಡಿಯಿರುವ ತಾಮ್ರದ ಪಾತ್ರೆಯಲ್ಲಿ ಕಾಫಿ ತಂದಿಟ್ಟರು. ಗಷ್ಟು ತಳ ಇಳಿಯುವವರೆಗೆ ಕಾಯಬೇಕು ಎಂದು ಕೈ ಸನ್ನೆ ಮಾಡಿದರು. ಹೆಂಡತಿ ಕಾದಳು. ನಾನು ಕಾಯಲಿಲ್ಲ, ಹಲ್ಲಿಗೆಲ್ಲ ಗಷ್ಟು.

ಮರುದಿನ ಬೆಳಕು ಹರಿಯುವ ಮುಂಚೆಯೇ ಎಚ್ಚರವಾಯಿತು. ನನ್ನ ಮೈಗೆ ಅದು ಸಿಂಗಪುರದ ಮಧ್ಯಾಹ್ನ. ಮೂವರು, ಕಲ್ಲಿಲ್ಲದೆ, ಯುದ್ಧವಾದ ಊರಿನಲ್ಲಿ, ಬೇಸಿಗೆಗೆ ಮುಂಚಿನ ಚಳಿಯಲ್ಲಿ. ಮಗ ಗೊರಕೆ ಹೊಡೆಯುತ್ತಿದ್ದ. ಇನ್ನು ಕೆಲವೇ ವಾರಗಳಲ್ಲಿ ಆ ಗೊರಕೆ ಯಾರ್ಯಾರದೋ ಮಕ್ಕಳ ಗೊರಕೆಗಳ ನಡುವೆ ಸೇರಿಹೋಗುತ್ತದೆ. ನಾನು ಮೆಟ್ಟಿಲಿಳಿದು ಅಂಗಳಕ್ಕೆ ಬಂದೆ.

ಅಂಗಳವನ್ನು ನದಿಯ ಬೆಣಚುಕಲ್ಲುಗಳಿಂದ ರಂಗೋಲಿಯಂತೆ ಹಾಸಿದ್ದರು. ಕಪ್ಪು ಕಲ್ಲು, ಬಿಳಿ ಕಲ್ಲು, ಹೂವಿನ ಆಕಾರ. ಗೋಡೆಯ ಹತ್ತಿರ ಒಂದು ಕಲ್ಲು ಸಡಿಲಾದಂತೆ ಕಂಡಿತು. ನಾನು ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಕೀಳತೊಡಗಿದೆ. ಅದು ಅಲುಗಾಡಿತು, ಬರಲಿಲ್ಲ. ಜೇಬಿನಲ್ಲಿದ್ದ ಮನೆಯ ಬೀಗದ ಕೈ ತೆಗೆದೆ.

“ಮಿಸ್ಟರ್.”

ಮನೆಯೊಡತಿ ಪೊರಕೆ ಹಿಡಿದು ನಿಂತಿದ್ದರು.

“ಏನು ಕಳೆದಿದೆ?” ಎಂದು ಕೇಳಿದರು.

ಏನು ಕಳೆದಿದೆ ಎಂದು ಹೇಳುವುದು? ಫೋನು ತೆಗೆದು, ಮೂರು ಜನ, ಒಂದು ಕಲ್ಲು, ನನ್ನ ತಾಯಿ, ಸೂಟ್‌ಕೇಸು ಎಂದೆಲ್ಲ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ.

“ಅದು ನನ್ನ ಮಾವ ಕೂರಿಸಿದ ಕಲ್ಲು” ಎಂದರು. “ಯುದ್ಧದಲ್ಲಿ ಛಾವಣಿ ಹೋಯಿತು. ಬಾಗಿಲು ಹೋಯಿತು. ಅಂಗಳ ಉಳಿಯಿತು. ಈಗ ನೀವು ಕೀಳಬೇಡಿ.”

ಕ್ಷಮೆ ಕೇಳಿ, ಆ ಕಲ್ಲನ್ನು ಹಿಮ್ಮಡಿಯಿಂದ ತುಳಿದು ಮತ್ತೆ ಕೂರಿಸಿದೆ. ಅವರು ಬಾಗಿ ನೋಡಿ, ಇನ್ನೊಂದು ಸಲ ತುಳಿಯಿರಿ ಎಂಬಂತೆ ಬೆರಳು ತೋರಿಸಿದರು. ತುಳಿದೆ. ಆಮೇಲೆ ಕಾಫಿ ಬಂತು. ಅವರ ಕಡೆ ಕಲ್ಲಿಲ್ಲವಂತೆ. ಯಾರಾದರೂ ದೂರ ಹೊರಟರೆ ಹಿಂದಿನಿಂದ ನೀರು ಚೆಲ್ಲುತ್ತಾರಂತೆ, ಹೋದವರು ನೀರಿನ ಹಾಗೆ ಸುಸೂತ್ರವಾಗಿ ಹರಿದು ಹೋಗಿ ಬರಲಿ ಎಂದು. ನಾನು ಈ ಸಲ ಗಷ್ಟು ಇಳಿಯುವವರೆಗೆ ಕಾದೆ.

ಅವರಿಗೂ ಒಬ್ಬನೇ ಮಗ. ಸೇತುವೆಯ ಮೇಲಿಂದ ನದಿಗೆ ಜಿಗಿಯುವವರಲ್ಲಿ ಒಬ್ಬ. ಅದು ಅಲ್ಲಿಯ ಹಳೆಯ ರೂಢಿ: ನೆರೆದವರಿಂದ ಟೋಪಿಯಲ್ಲಿ ದುಡ್ಡು ಎತ್ತುತ್ತಾರೆ, ಸಾಕಷ್ಟಾದರೆ ಜಿಗಿಯುತ್ತಾರೆ. ಕೆಳಗೆ ಮಂಜುಗಡ್ಡೆಯಂಥ ನೀರು.

“ನೀವು ನೋಡುತ್ತೀರಾ?” ಎಂದು ಕೇಳಿದೆ.

“ಇಲ್ಲ. ಒಂದು ಸಲವೂ ಇಲ್ಲ. ಚಪ್ಪಾಳೆ ಇಲ್ಲಿಗೆ ಕೇಳುತ್ತದೆ. ಚಪ್ಪಾಳೆ ಬಂತು ಅಂದರೆ ಮೇಲೆ ಬಂದ ಅಂತ.” ಸ್ವಲ್ಪ ಹೊತ್ತು ಫೋನಿಗೆ ಏನೋ ಹೇಳಿ, ಅದರ ಮಾತು ಮುಗಿಯುವವರೆಗೆ ನನ್ನನ್ನೇ ನೋಡಿದರು. “ನಾನು ಹೋದರೆ ಅವನು ನನ್ನನ್ನು ನೋಡುತ್ತಾನೆ. ಜಿಗಿಯುವವನು ನೀರನ್ನು ನೋಡಬೇಕು.”

ನಾನು ಮೇಲೆ ಹೋಗಿ ಹೆಂಡತಿಯನ್ನು ಎಬ್ಬಿಸಿ ಇದನ್ನು ಉಪನಿಷತ್ತಿನ ಮಾತಿನಂತೆ ಹೇಳಿದೆ. ಅವಳು ರಗ್ಗಿನೊಳಗಿಂದಲೇ ಅಂದಳು. “ಆಕೆಗೆ ಹೆದ್ರಿಕೆ ರೀ, ಅದಕ್ಕೆ ಹೋಗಲ್ಲ. ನಿಮ್ಗೆ ಹೆದ್ರಿಕೆ, ಅದಕ್ಕೆ ಎಲ್ಲಾ ಕಡೆ ಹೋಗ್ತೀರ. ಇದರಲ್ಲಿ ಫಿಲಾಸಫಿ ಹುಡುಕ್ಬೇಡಿ. ಮಲ್ಕೊಳ್ಳಿ.”

ಅಂದು ಮಧ್ಯಾಹ್ನ ಸೇತುವೆ ಹತ್ತಿದೆವು. ಬಾಗಿದ ಸೇತುವೆ, ಸವೆದು ಕನ್ನಡಿಯಾದ ಕಲ್ಲು, ಕಾಲು ಜಾರದಿರಲೆಂದು ಅಡ್ಡಡ್ಡ ಪಟ್ಟಿಗಳು. ಮಗ ಕೈ ಜೇಬಿನಲ್ಲಿಟ್ಟುಕೊಂಡೇ ಹತ್ತಿದ. ಕೈ ತೆಗೆ, ಜಾರಿದರೆ ಊರಲು ಬೇಕು ಎಂಬ ಮಾತು ಹಲ್ಲಿನವರೆಗೆ ಬಂತು. ಹಲ್ಲು ಕಚ್ಚಿದೆ. ಮಾತು ನುಂಗುವುದು ಬೆಟ್ಟ ಹತ್ತುವುದಕ್ಕಿಂತ ಸುಸ್ತಿನ ಕೆಲಸ.

ಸೇತುವೆಯ ನೆತ್ತಿಯಲ್ಲಿ ಕಟಕಟೆಯಾಚೆ, ಚಡ್ಡಿ ತೊಟ್ಟ ಗಂಡಸೊಬ್ಬ ನಿಂತಿದ್ದ. ಮನೆಯೊಡತಿಯ ಹುಬ್ಬು, ಮನೆಯೊಡತಿಯ ಗಲ್ಲ, ಪರಿಚಯ ಬೇಕಿರಲಿಲ್ಲ. ನಾವೆಲ್ಲ ಜಾಕೆಟ್ಟಿನೊಳಗೆ ಮುದುಡಿದ್ದೆವು. ಪ್ರವಾಸಿಗಳು ಕಡಿಮೆ, ಟೋಪಿ ತುಂಬುತ್ತಿರಲಿಲ್ಲ. ಅವನು ಕೈ ಚಾಚುವುದು, ಜನ ಫೋನು ಎತ್ತುವುದು, ಅವನು ಕೈ ಇಳಿಸುವುದು. ಹೀಗೇ ನಡೆದಿತ್ತು.

“ಅಪ್ಪಾ, ನಾವೂ ಹಾಕೋಣ, ಜಂಪ್ ಮಾಡ್ಲಿ” ಎಂದ ಮಗ.

ನಾನು ಜೇಬಿಗೆ ಕೈ ಹಾಕಿ ಸಿಕ್ಕಿದ ನೋಟನ್ನು ಟೋಪಿಗೆ ಹಾಕಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೆಳಗೆ ನೋಡಿಬಿಟ್ಟಿದ್ದೆ. ನೀರು ಎಲ್ಲೋ ಇತ್ತು, ಅದರ ಮೇಲೆ ಹಕ್ಕಿ ಹಾರುತ್ತಿತ್ತು, ಆ ಹಕ್ಕಿಯ ಬೆನ್ನು ನನಗೆ ಕಾಣುತ್ತಿತ್ತು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

“ನೋ ಜಂಪ್” ಎಂದೆ ಅವನಿಗೆ. “ದುಡ್ಡು ಇಟ್ಕೋ. ಇಳಿದು ಮನೆಗೆ ಹೋಗಪ್ಪ. ಚಳಿ ಇದೆ.” ಅರ್ಧ ಇಂಗ್ಲಿಷ್, ಅರ್ಧ ಕನ್ನಡ.

ಅವನು ನನ್ನನ್ನೂ ನನ್ನ ನೋಟನ್ನೂ ನೋಡಿದ. “ನನ್ನ ಅಮ್ಮ ಕಳಿಸಿದ್ದಾ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಸುತ್ತಲಿದ್ದವರು ನಕ್ಕರು. ಹಗ್ಗದ ಏಣಿಯ ಮೇಲಿದ್ದ ಮಕ್ಕಳು ತಿರುಗಿ ನೋಡಿದಂತೆ ಎಲ್ಲರೂ ತಿರುಗಿ ನೋಡಿದರು. ಮಗ ಎರಡು ಹೆಜ್ಜೆ ಹಿಂದೆ ಸರಿದು, ನಾವು ಯಾರೋ ತಾನು ಯಾರೋ ಎಂಬಂತೆ ನಿಂತ. ಅಷ್ಟರಲ್ಲಿ ಬುರುಜಿನ ಕಡೆಯಿಂದ ಬಂದ ಗುಂಪೊಂದು ಟೋಪಿ ತುಂಬಿಸಿತು. ಅವನು ಮೈಮೇಲೆ ತಣ್ಣೀರು ಸುರಿದುಕೊಂಡು, ಮಂಡಿ ಮಡಿಸಿ, ಹೋದ. ನಾನು ಕಣ್ಣು ಮುಚ್ಚಿಕೊಂಡೆ. ಚಪ್ಪಾಳೆ ಬಂತು. ಮೇಲುಗಡೆ ಓಣಿಯ ಅಂಗಳವೊಂದರಲ್ಲಿ ಯಾರೋ ಮತ್ತೆ ಗುಡಿಸಲು ಶುರುಮಾಡಿರಬೇಕು.

“ಇದಕ್ಕೇ ಅಪ್ಪಾ” ಎಂದ ಮಗ. ದನಿ ಎತ್ತರಿಸಿರಲಿಲ್ಲ, ಅದೇ ಕಷ್ಟ. “ಇದಕ್ಕೇ ನಾನು ಬರ್ಬೇಡ ಅಂದಿದ್ದು. ಅಲ್ಲೂ ಹೀಗೇ ಮಾಡ್ತೀಯ. ಕಮಾಂಡರ್ ಹತ್ರ ಹೋಗಿ, ಇವನಿಗೆ ಚಳಿ ಆಗತ್ತೆ ಅಂತೀಯ. ಟೂ ಇಯರ್ಸ್ ನಾನು ಆ ಹುಡುಗ ಆಗಿರ್ಬೇಕು.”

“ಅಲ್ಲಿ ಚಳಿ ಎಲ್ಲಿದೆಯೋ” ಎಂದಳು ಹೆಂಡತಿ, ಮಾತು ತೇಲಿಸಲು.

“ಅಮ್ಮಾ, ನಾಟ್ ಫನ್ನಿ ಲಾ.”

ಅವನು ಆ ಬದಿಗೆ ಇಳಿದು ಹೋದ. ಹೆಂಡತಿ ಅವನ ಹಿಂದೆ. ನಾನು ಈ ಬದಿಗೆ ಇಳಿದೆ. ನನ್ನ ಪರೀಕ್ಷೆ ಮುಗಿದಿತ್ತು, ಫಲಿತಾಂಶಕ್ಕೆ ಕಾಯಬೇಕಾಗಿರಲಿಲ್ಲ.

ಎಲ್ಲಿಗೆಂದು ಗೊತ್ತಿಲ್ಲದೆ ನಡೆದೆ. ಮುಖ್ಯ ರಸ್ತೆಯ ಪಕ್ಕದಲ್ಲಿ ಮರಗಳಿದ್ದ ಪಾರ್ಕಿನಂಥ ಜಾಗ ಕಂಡಿತು. ಗಿಡ್ಡ ಗೋಡೆಯ ಮೇಲೆ ರಸ್ತೆಗೆ ಮುಖ ಮಾಡಿ ಕುಳಿತೆ. ಒಂಥರಾ ಆಯಾಸ, ನಿದ್ದೆಯಿಂದ ಹೋಗುವಂಥದಲ್ಲ. ಹತ್ತೊಂಬತ್ತು ವರ್ಷ ಎಚ್ಚರವಾಗಿದ್ದು, ಈಗ ಯಾರೋ ಬಂದು, ನಿಮ್ಮ ಪಾಳಿ ಮುಗಿಯಿತು, ಮನೆಗೆ ಹೋಗಿ ಎಂದಂತೆ. ಗೋಡೆಯ ಒಳಬದಿಯಲ್ಲಿ ಬಿಳಿಯ ಜಲ್ಲಿಕಲ್ಲು ಚೆಲ್ಲಿಕೊಂಡಿತ್ತು. ಕೈ ಹಿಂದೆ ಚಾಚಿ ಒಂದನ್ನು ಎತ್ತಿಕೊಂಡೆ. ನುಣುಪಾಗಿತ್ತು. ಜೇಬಿಗೆ ಹಾಕಿಕೊಂಡ ಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, ಉಸಿರು ಸರಾಗವಾಯಿತು. ಮಗ ಮಾತಾಡದಿದ್ದರೂ ಸರಿ, ನಾಲ್ವರಾದೆವು.

“ಅಪ್ಪಾ.”

ಮಗ ನನ್ನ ಹಿಂದೆ, ಗೋಡೆಯ ಒಳಗೆ ನಿಂತಿದ್ದ. ಅಮ್ಮ ಅಟ್ಟಿರಬೇಕು. “ನೀನೆಲ್ಲಿ ಕೂತಿದ್ದೀಯ ನೋಡಿದ್ಯಾ?”

ತಿರುಗಿ ನೋಡಿದೆ. ಮರಗಳ ಕೆಳಗೆ ಸಾಲುಸಾಲು ಬಿಳಿಯ ಗೋರಿಗಲ್ಲುಗಳು. ಪಾರ್ಕು ಹಿಂದೆ ಎಂದೋ ಆಗಿದ್ದಿರಬೇಕು. ಯುದ್ಧದಲ್ಲಿ ಬೇರೆ ಜಾಗವಿಲ್ಲದೆ ಇಲ್ಲೇ ಹೂತಿದ್ದರು. ಮಗ ಒಂದೊಂದರ ಮುಂದೆಯೂ ನಿಂತು ನಿಂತು ನಡೆಯುತ್ತಿದ್ದ. ಹುಟ್ಟಿದ ವರ್ಷ ಬೇರೆ ಬೇರೆ, ಸತ್ತ ವರ್ಷ ಹೆಚ್ಚಿನವರದು ಒಂದೇ. ಅವನು ಮನಸ್ಸಿನಲ್ಲೇ ಕಳೆಯುತ್ತಿದ್ದುದು ತುಟಿಯ ಅಲುಗಾಟದಲ್ಲಿ ಕಾಣುತ್ತಿತ್ತು. ಒಂದರ ಮುಂದೆ ಜೇಬಿನಿಂದ ಕೈ ಹೊರಗೆ ತೆಗೆದ.

“ಇವನು ನನ್ನ ಏಜು.”

ಹೇಳಲು ತಯಾರಾಗಿದ್ದ ಮಾತುಗಳೆಲ್ಲ, ನೋಡು, ಅದಕ್ಕೇ ನಾನು ಹೆದರುವುದು ಎಂಬಂಥವು, ಅಲ್ಲಿ ಹೇಳುವ ಹಾಗಿರಲಿಲ್ಲ. ಅಲ್ಲಿ ಮಲಗಿದ್ದವರ ಅಪ್ಪಂದಿರೂ ಹೆದರಿಯೇ ಇದ್ದಿರಬೇಕು. ನನಗಿಂತ ಚೆನ್ನಾಗಿ ಹೆದರಿದ್ದಿರಬೇಕು.

ಜೇಬಿನಲ್ಲಿದ್ದ ಕಲ್ಲು ಒಮ್ಮೆಲೇ ಭಾರವಾಯಿತು. ಅದು ಗೋರಿಯ ಮೇಲೆ ಹರಡಿದ ಕಲ್ಲು. ನಾನು ಯಾರದೋ ಮಗನ ಮೇಲಿಂದ ಎತ್ತಿಕೊಂಡಿದ್ದೆ. ಹೊರತೆಗೆದು, ಗೋಡೆಯಿಂದ ಒಳಗಿಳಿದು ಮಂಡಿಯೂರಿ ಕುಳಿತೆ. ಎತ್ತಿದ್ದು ಎಲ್ಲಿಂದ? ಎಲ್ಲ ಬಿಳಿ, ಎಲ್ಲ ಒಂದೇ. ಈ ಗೋರಿಯ ಅಂಚಿನದೋ, ಆ ಗೋರಿಯದೋ? ಒಂದು ಕಡೆ ಇಟ್ಟೆ, ಸರಿಯೆನಿಸದೆ ಎತ್ತಿದೆ, ಇನ್ನೊಂದು ಕಡೆ ಇಟ್ಟೆ. ತಪ್ಪು ಜಾಗದಲ್ಲಿ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅದೇ ನನ್ನನ್ನು ಕಾಡುತ್ತಿತ್ತು.

“ಅಲ್ಲಲ್ಲ. ಈ ಕಡೆ” ಎಂದ ಮಗ. ಪಕ್ಕದಲ್ಲಿ ಕುಕ್ಕರಿಸಿ ಕೂತು, ನನ್ನ ಕೈಯಿಂದ ಕಲ್ಲು ತೆಗೆದುಕೊಂಡು ಗೋಡೆಗೆ ಹತ್ತಿರದ ಗೋರಿಯ ಮೂಲೆಯಲ್ಲಿ ಇಟ್ಟ. “ಇಲ್ಲಿಂದ ತಗೊಂಡೆ. ನಾನು ನೋಡ್ತಾ ಇದ್ದೆ.”

ನಾನು ಆ ಕಲ್ಲನ್ನು ಬೆರಳಿನಿಂದ ಒತ್ತಿ ಕೂರಿಸಿದೆ.

“ನಮ್ದು ಬರೀ ಟ್ರೇನಿಂಗ್ ಅಪ್ಪಾ.”

“ಗೊತ್ತು.”

“ಗೊತ್ತಿದ್ರೆ ಸರಿ.”

ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡೆ. “ನೀನು ಹೇಳಿದ್ದೇ ಸರಿ. ಅಮ್ಮ ಹೋಗಿ ಬರ್ಲಿ. ನಾನು ಮನೇಲಿರ್ತೀನಿ. ನಾನು ಬಂದ್ರೆ ನೀನು ನನ್ನನ್ನ ನೋಡ್ತಾ ಇರ್ತೀಯ, ಇವನೀಗ ಏನ್ ಕೇಳ್ತಾನೋ ಅಂತ. ನಿನ್ನ ಕೆಲಸ ನೀನು ನೋಡ್ಕೋಬೇಕು.”

ಈ ಸಲ ನಟನೆಯಲ್ಲ. ನಟಿಸುವಷ್ಟು ಶಕ್ತಿ ಉಳಿದಿರಲಿಲ್ಲ. ಅವನು “ಹ್ಞೂಂ” ಎಂದ, ಅಷ್ಟೇ. ಅಂದು ಸಂಜೆ ಮೂವರೂ ಹೆಚ್ಚು ಮಾತಾಡದೆ ಕಾಫಿ ಕುಡಿದೆವು, ಗಷ್ಟು ಇಳಿದ ಮೇಲೆ.

ಹೊರಡುವ ಬೆಳಿಗ್ಗೆ ಮನೆಯೊಡತಿ ತಾಮ್ರದ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾವು ನಾಲ್ಕು ಹೆಜ್ಜೆ ಹಾಕುತ್ತಿದ್ದಂತೆ ಹಿಂದೆ ನೀರು ಬಿದ್ದ ಸದ್ದು. ಅರ್ಧ ನೀರು ನನ್ನ ಪ್ಯಾಂಟಿನ ಮೇಲೆ ಬಿತ್ತು. ಇದ್ದದ್ದು ಅದೊಂದೇ ಪ್ಯಾಂಟು. ತಿರುಗಿ ನೋಡಿದೆ. ಅವರು, ಹೋಗಿ ಹೋಗಿ ಎಂದು ಕೈ ಬೀಸಿದರು. ಕಲ್ಲಿಲ್ಲದೆ ಮೂವರೂ ಮನೆ ತಲುಪಿದೆವು. ಅದರಿಂದ ನನ್ನ ನಂಬಿಕೆಗೇನೂ ಧಕ್ಕೆಯಾಗಲಿಲ್ಲ. ನೀರು ಕೆಲಸ ಮಾಡಿತೆಂದುಕೊಂಡೆ. ಸೂಟ್‌ಕೇಸು ಆಮೇಲೆ ಬಂತು, ಬೇರೆ ಯಾವುದೋ ದೇಶದ ಚೀಟಿ ಅಂಟಿಸಿಕೊಂಡು. ಕಾಲುಚೀಲದೊಳಗೆ ಕಲ್ಲು ಭದ್ರವಾಗಿತ್ತು. ಅದನ್ನು ಹೂಕುಂಡಕ್ಕೆ ಒಪ್ಪಿಸಿದೆ.

ಸೇರುವ ದಿನ ಬಂತು. ಮಗ ದೇವರಿಗೆ ಕೈಮುಗಿದು, ನನ್ನ ಕಾಲು ಮುಟ್ಟಿದ. ನಾನು ಬನಿಯನ್ನು, ಅರ್ಧ ಚಡ್ಡಿಯಲ್ಲಿದ್ದೆ. ಲ್ಯಾಪ್‌ಟಾಪ್ ತೆರೆದಿಟ್ಟು ಮೀಟಿಂಗ್ ಇರುವವನಂತೆ ಕೂತಿದ್ದೆ. ರಜೆ ಹಾಕಿದ್ದು ಯಾರಿಗೂ ಹೇಳಿರಲಿಲ್ಲ.

“ಬರ್ತೀನಪ್ಪಾ.”

“ಹೋಗ್ಬಾ.”

ತಾಯಿ ಮಗ ಕಾರಿಡಾರಿನ ತುದಿಯ ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚಿದ ಮೇಲೆ ನಾನು ಒಳಗಿಂದ ಒಂದು ಚೊಂಬು ನೀರು ತಂದು, ಆಚೀಚೆ ನೋಡಿ, ಕಾರಿಡಾರಿನಲ್ಲಿ ಚೆಲ್ಲಿದೆ. ನೀರು ಸರಾಗವಾಗಿ ಹರಿಯಿತು, ನೇರ ಪಕ್ಕದ ಮನೆಯ ಆಂಟಿಯ ಬಾಗಿಲಿಗೆ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಈಗ ಹೊರಗೆ ಬಂದು ಜಾರಿ ಬಿದ್ದು ಸೊಂಟ ಮುರಿದರೆ? ಓಡಿಹೋಗಿ ಮಾಪು ತಂದೆ. ಚೆಲ್ಲಿದ ಶುಭವನ್ನೆಲ್ಲ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದಾಗ ಲಿಫ್ಟು ಮತ್ತೆ ತೆರೆಯಿತು.

ಮಗ. ಒಬ್ಬನೇ. ನನ್ನನ್ನೂ ಮಾಪನ್ನೂ ಬಕೆಟ್ಟನ್ನೂ ನೋಡಿದ. ಅಂಗೈ ಚಾಚಿದ. ಹೂಕುಂಡದ ಕಲ್ಲು, ಮಣ್ಣು ಇನ್ನೂ ಅಂಟಿತ್ತು.

“ಮೂರು ಜನ ಹಾಗೇ ಹೋಗೋ ಹಾಗಿಲ್ಲ ಅಲ್ವಾ? ಬೇಗ ಪ್ಯಾಂಟ್ ಹಾಕ್ಕೋ. ಟ್ಯಾಕ್ಸಿ ಅಂಕಲ್ ಬೈತಿದ್ದಾನೆ.”

ನಾನು ಮಾಪು ಹಿಡಿದೇ ನಿಂತಿದ್ದೆ.

“ಆದ್ರೆ ಅಲ್ಲಿ ಒಂದೂ ಪ್ರಶ್ನೆ ಕೇಳ್ಬಾರ್ದು.”

“ಒಂದೂ?”

ಅವನು ಯೋಚಿಸಿದ. “ಒಂದು. ಲಾಸ್ಟ್.”

ಟ್ಯಾಕ್ಸಿಯಲ್ಲಿ, ಸಾಲಿನಲ್ಲಿ, ದೋಣಿಯಲ್ಲಿ, ಇರುವ ಅಷ್ಟು ಪ್ರಶ್ನೆಗಳಲ್ಲಿ ಯಾವುದು ಆ ಒಂದು ಎಂದು ಸೋಸುತ್ತ ಹೋದೆ. ಮಂಚ ತೋರಿಸಿದರು, ಸುಮ್ಮನಿದ್ದೆ. ಊಟ ಹಾಕಿದರು, ಸುಮ್ಮನಿದ್ದೆ. ನನ್ನ ಮಗನಿಗಿಂತ ಎರಡೋ ಮೂರೋ ವರ್ಷ ದೊಡ್ಡವನಿರಬಹುದಾದ ಸಾರ್ಜೆಂಟ್ ಬಂದು ಏನಾದರೂ ಕೇಳುವುದಿದೆಯೇ ಎಂದಾಗ ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಇಲ್ಲ ಎಂದೆ. ಆ ಒಂದನ್ನು ಉಳಿಸಿಕೊಂಡಿದ್ದೇನೆ. ಎರಡು ವರ್ಷವಿದೆ, ಬೇಕಾಗಬಹುದು.

ವಾಪಸು ದೋಣಿ ಹೊರಟ ಮೇಲೆ ಜೇಬಿಗೆ ಕೈ ಹೋಯಿತು. ಕಲ್ಲು ಸಿಕ್ಕಿತು, ಎದ್ದು ನಿಂತೆ.

“ಏನ್ರೀ?” ಎಂದಳು ಹೆಂಡತಿ.

“ಹೋಗ್ತಾ ಮೂರು ಜನ ಮತ್ತೆ ಕಲ್ಲು. ಬರ್ತಾ ನಾವಿಬ್ರು ಮತ್ತೆ ಕಲ್ಲು. ಮೂರಾಯ್ತಲ್ಲೇ.”

ಅವಳು ಸಮುದ್ರದ ಕಡೆಗೇ ನೋಡುತ್ತಿದ್ದಳು. ಎಸೆದುಬಿಡಿ ಎನ್ನುತ್ತಾಳೆ ಎಂದುಕೊಂಡೆ.

“ಮೂರೇ ಇರ್ಲಿ ಬಿಡಿ” ಎಂದಳು. “ನಾವು ಯಾವಾಗ್ಲೂ ಮೂರೇ ಜನ ಅಲ್ವಾ.”

ಅವಳಿಗೆ ಕಲ್ಲು ಕೊಟ್ಟೆ. ಸೆರಗಿನ ಅಂಚಿನಿಂದ ಅದರ ಮಣ್ಣು ಒರೆಸಿ, ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಅವಳ ಭುಜಕ್ಕೆ ತಲೆ ಕೊಟ್ಟೆ. ಲೈಫ್ ಜಾಕೆಟ್ಟುಗಳು ಎಲ್ಲಿವೆ ಎಂದು ನೋಡಿಟ್ಟುಕೊಂಡಿರಲಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ನಿದ್ದೆ ಬಂದಿತ್ತು.